ಗಂಡು ಮಗುವಿನ ಮೊದಲ ಆರು ತಿಂಗಳು



ಮಗು ಹುಟ್ಟಿದ ಸುದ್ದಿ ಬಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಗಂಡೋ, ಹೆಣ್ಣೋ? ಉತ್ತರ ಸಿಕ್ಕಿದ ಮೇಲೆ ಆ ವಿಚಾರ ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೇವೆ. ಗಂಡು ಮಗುವಾದರೆ ಮತ್ತೆ ಆ ಮಾತು ಬರುವುದು ದನಿ ಒಡೆದು ಮೀಸೆ ಚಿಗುರುವ ವಯಸ್ಸಿನಲ್ಲಿ. ನಡುವಿನ ಹನ್ನೆರಡು ಹದಿಮೂರು ವರ್ಷ ದೇಹದ ಆ ಭಾಗ ನಿದ್ದೆ ಮಾಡುತ್ತಿರುತ್ತದೆ ಎಂಬುದು ನಮ್ಮ ಎಣಿಕೆ.

ಈ ಎಣಿಕೆ ಪೂರ್ತಿ ನಿಜವಲ್ಲ. ಹುಟ್ಟಿದ ಮೊದಲ ಆರು ತಿಂಗಳಲ್ಲಿ ಗಂಡು ಮಗುವಿನ ಮೈಯೊಳಗೆ ಒಂದು ದೊಡ್ಡ ಕೆಲಸ ಸದ್ದಿಲ್ಲದೆ ನಡೆಯುತ್ತದೆ. ಅದು ಮುಗಿದ ಮೇಲೆಯೇ ಆ ದೀರ್ಘ ನಿದ್ದೆ. ಇದನ್ನು ತಿಳಿದುಕೊಂಡರೆ ಮಗುವಿನ ವಿಷಯದಲ್ಲಿ ಯಾವುದಕ್ಕೆ ಕೈ ಹಾಕಬಾರದು, ಯಾವುದನ್ನು ನೋಡದೆ ಬಿಡಬಾರದು ಎಂಬುದು ಮನೆಯವರಿಗೆ ಸ್ಪಷ್ಟವಾಗುತ್ತದೆ. ಈ ತಿಂಗಳ ನಮ್ಮ ಮಾತು ಅದೇ.

ಕಂಬಂ ಕಣಿವೆಯ ಪಟ್ಟದ ಹೋರಿ

ಮಧುರೆಯ ಕಡೆಯಿಂದ ತೇಕಡಿಗೆ ಪ್ರವಾಸ ಹೋಗುವವರು ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಊರನ್ನು ದಾಟಿಯೇ ಹೋಗಬೇಕು. ಒಂದು ಕಡೆ ಮೇಘಮಲೆ, ಇನ್ನೊಂದು ಕಡೆ ಕೇರಳದ ಬೆಟ್ಟಗಳು, ನಡುವೆ ದ್ರಾಕ್ಷಿ ಚಪ್ಪರ, ಭತ್ತದ ಗದ್ದೆ, ತೆಂಗಿನ ತೋಟ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟೆಯಿಂದ ನೀರು ಹರಿದ ಮೇಲೆ ಹಸಿರಾದ ಕಣಿವೆ ಇದು. ರಾಯಪ್ಪನ್‌ಪಟ್ಟಿಯಂಥ ಕಥೋಲಿಕರ ಊರುಗಳೂ ಇಲ್ಲಿವೆ. ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿಯೆಂದರೆ, ಈ ತಮಿಳು ಸೀಮೆಯಲ್ಲಿ ಮನೆಯೊಳಗೆ ಕನ್ನಡ ಮಾತನಾಡುವ ಒಕ್ಕಲಿಗರು ಅನೇಕ ತಲೆಮಾರುಗಳಿಂದ ಬಾಳುತ್ತಿದ್ದಾರೆ. ಸುತ್ತಲಿನ ತಮಿಳರು ಅವರನ್ನು ಕಾಪ್ಪಿಲಿಯರ್ ಎಂದು ಕರೆಯುತ್ತಾರೆ.

ಇವರು ದನ ಸಾಕುವುದರಲ್ಲಿ ಹೆಸರಾದವರು. ಕಂಬಂನಲ್ಲಿ ಇವರು ದೇವರಿಗೆಂದು ಬಿಟ್ಟ ಒಂದು ದನದ ಹಿಂಡು ಇದೆ. ತಮಿಳಿನಲ್ಲಿ ಅದಕ್ಕೆ ‘ತಂಬಿರಾನ್ ಮಾಡು’ ಎಂದು ಹೆಸರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಕುರಿತ ಗ್ರಂಥದಲ್ಲೂ ಈ ಹಿಂಡಿನ ವರ್ಣನೆ ಬರುತ್ತದೆ. ಹಿಂಡಿಗೆ ಒಂದು ಪಟ್ಟದ ಹೋರಿ ಇರುತ್ತದೆ. ಅದು ಸತ್ತರೆ ಕುಲದವರೆಲ್ಲ ಸೇರಿ ಹಿಂಡಿನ ಮುಂದೆ ಕಬ್ಬು ಇಡುತ್ತಾರೆ. ಮೊದಲು ಬಂದು ಕಬ್ಬಿಗೆ ಬಾಯಿ ಹಾಕಿದ ಹೋರಿಗೆ ಪಟ್ಟ. ನಂಬಿಕೆ ಅವರದು, ನಾವು ಇಲ್ಲಿ ಗಮನಿಸುವುದು ಅವರ ದನದ ಮೇಲಿನ ಅಕ್ಕರೆಯನ್ನು.

ಹೋರಿಗರು ಹುಟ್ಟಿದರೆ ದನ ಸಾಕಿ ಬಲ್ಲವರು ಅದರ ಸುಳಿ, ಬಣ್ಣ, ಕಾಲುಗಳ ಜೊತೆಗೆ ಇನ್ನೊಂದನ್ನೂ ನೋಡುತ್ತಾರೆ: ಎರಡು ಬೀಜಗಳೂ ಚೀಲದಲ್ಲಿ ಇಳಿದಿವೆಯೇ ಎಂದು. ತಳಿಗೆ ಬಿಡುವ ಹೋರಿಯಲ್ಲಿ ಒಂದೇ ಇದ್ದರೆ ಅದನ್ನು ಆರಿಸುವುದಿಲ್ಲ. ಬೀಜ ಒಡೆದ ಹೋರಿ ಎತ್ತಾಗುತ್ತದೆ, ಕೊಬ್ಬು ಇಳಿದು ನೊಗಕ್ಕೆ ಬಗ್ಗುತ್ತದೆ. ಒಡೆಯದೆ ಬಿಟ್ಟರೆ ಗೂಳಿಯಾಗಿ ಭುಜ ಬೆಳೆಸಿ ಗುಟುರು ಹಾಕುತ್ತದೆ. ಗಂಡುತನದ ರಸ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ರೈತರು ಪುಸ್ತಕ ಓದದೆಯೇ ಬಲ್ಲರು. ಆ ರಸಕ್ಕೆ ವಿಜ್ಞಾನ ಇಟ್ಟ ಹೆಸರು ಟೆಸ್ಟೋಸ್ಟಿರೋನ್.

ಹುಟ್ಟುವುದಕ್ಕೆ ಮೊದಲೇ ಆರಂಭ

ಈ ಹಾರ್ಮೋನಿನ ಕೆಲಸ ಹುಟ್ಟುವುದಕ್ಕೆ ಎಷ್ಟೋ ಮುಂಚೆ ತಾಯಿಯ ಹೊಟ್ಟೆಯಲ್ಲೇ ತೊಡಗುತ್ತದೆ. ಗರ್ಭದ ಮೊದಲ ಆರು ವಾರ ಗಂಡು ಹೆಣ್ಣು ಶಿಶುಗಳ ಆಕಾರದಲ್ಲಿ ಏನೂ ವ್ಯತ್ಯಾಸವಿಲ್ಲ. ತಂದೆಯಿಂದ ವೈ ವರ್ಣತಂತು ಬಂದಿದ್ದರೆ ಏಳನೆಯ ವಾರದ ಹೊತ್ತಿಗೆ ವೃಷಣಗಳು ರೂಪುಗೊಳ್ಳತೊಡಗುತ್ತವೆ. ಎಂಟು ಒಂಬತ್ತನೆಯ ವಾರಕ್ಕೆ ಅವು ಟೆಸ್ಟೋಸ್ಟಿರೋನನ್ನು ಸುರಿಸುತ್ತವೆ. ಅದರ ಬಲದಿಂದ ಮುಂದಿನ ಅಂಗಗಳೆಲ್ಲ ಗಂಡಿನ ರೂಪ ತಾಳುತ್ತವೆ.

ಇದನ್ನು ತೋರಿಸಿಕೊಟ್ಟವರು ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್. 1947ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ತಾಯಿ ಮೊಲದ ಹೊಟ್ಟೆಯೊಳಗೆ ಇರುವಾಗಲೇ ಗಂಡು ಮರಿಯ ವೃಷಣಗಳನ್ನು ತೆಗೆದರೆ ಆ ಮರಿ ಹೆಣ್ಣಿನ ಅಂಗಗಳೊಂದಿಗೆ ಬೆಳೆಯಿತು.

ದನ ಸಾಕುವವರು ಇದರ ಇನ್ನೊಂದು ಮುಖವನ್ನೂ ಕಂಡಿರುತ್ತಾರೆ. ಹಸು ಅವಳಿ ಕರು ಹಾಕಿ, ಒಂದು ಹೋರಿ, ಇನ್ನೊಂದು ಹೆಣ್ಣಾದರೆ ಆ ಹೆಣ್ಣುಗರು ದೊಡ್ಡದಾದ ಮೇಲೆ ಬಹುತೇಕ ಗಬ್ಬವಾಗುವುದೇ ಇಲ್ಲ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕರುಗಳದು ಇದೇ ಗತಿ. ಹೊಟ್ಟೆಯೊಳಗೆ ಎರಡೂ ಕರುಗಳ ಮಾಸದ ರಕ್ತನಾಳಗಳು ಕೂಡಿಕೊಂಡು, ಹೋರಿಯ ವೃಷಣದ ಹಾರ್ಮೋನುಗಳು ಹೆಣ್ಣುಗರುವಿಗೆ ಹರಿದು ಅದರ ಗರ್ಭಾಂಗಗಳ ಬೆಳವಣಿಗೆಯನ್ನು ಕೆಡಿಸುತ್ತವೆ. ಅಮೆರಿಕದ ಫ್ರ್ಯಾಂಕ್ ಲಿಲ್ಲಿ ಎಂಬ ವಿಜ್ಞಾನಿ 1916-17ರಲ್ಲೇ ಇದನ್ನು ವಿವರಿಸಿದರು. ಇದನ್ನು ಓದಿ ಅವಳಿ ಮಕ್ಕಳ ತಾಯಂದಿರು ಹೆದರಬೇಕಾಗಿಲ್ಲ. ಮನುಷ್ಯರಲ್ಲಿ ಗಂಡು-ಹೆಣ್ಣು ಅವಳಿಗಳಿಗೆ ಈ ತೊಂದರೆ ಆಗುವುದಿಲ್ಲ.

ಬಸಿರಿನ ಕೊನೆಯ ತಿಂಗಳುಗಳಲ್ಲಿ ಮಾಸದಿಂದ ಬರುವ ಈಸ್ಟ್ರೋಜನ್ ಹಾರ್ಮೋನು ಮಗುವಿನ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಕಡಿವಾಣ ಹಾಕಿರುತ್ತದೆ. ಆಗ ವೃಷಣದ ಕೆಲಸವೂ ತಗ್ಗಿರುತ್ತದೆ.

ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ

ಹೆರಿಗೆಯಾಗಿ ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಮಾಸದ ಆ ಕಡಿವಾಣ ಕಳಚುತ್ತದೆ. ಗಂಡು ಮಗುವಿನಲ್ಲಿ ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಪಿಟ್ಯುಟರಿಯಿಂದ ವೃಷಣಕ್ಕೆ ಅಪ್ಪಣೆ ಹೋಗಿ, ಮೊದಲ ದಿನವೇ ಟೆಸ್ಟೋಸ್ಟಿರೋನ್ ಏರಿ, ಮತ್ತೆ ಇಳಿಯುತ್ತದೆ. ಇಲಿ ಮರಿಗಳಲ್ಲೂ ಹೀಗೆಯೇ: ಹುಟ್ಟಿದ ಎರಡು ಗಂಟೆಯ ಹೊತ್ತಿಗೆ ಗಂಡು ಮರಿಯ ರಕ್ತದಲ್ಲಿ ಈ ಹಾರ್ಮೋನು ಉಕ್ಕಿ, ದಿನ ಕಳೆಯುವುದರೊಳಗೆ ತಗ್ಗುತ್ತದೆ. ಇಲಿಯಲ್ಲಿ ಇದು ಮಿದುಳನ್ನೇ ತಿದ್ದುವ ಹೊತ್ತು. ಹುಟ್ಟಿದ ದಿನವೇ ವೃಷಣ ತೆಗೆದ ಗಂಡಿಲಿ ದೊಡ್ಡದಾದ ಮೇಲೆ ಗಂಡಿನ ನಡವಳಿಕೆಯನ್ನು ಪೂರ್ತಿಯಾಗಿ ತೋರಿಸುವುದಿಲ್ಲ. ಅದೇ ಶಸ್ತ್ರಚಿಕಿತ್ಸೆಯನ್ನು ಕೆಲವು ವಾರ ತಡವಾಗಿ ಮಾಡಿದರೆ ಅಷ್ಟು ಬದಲಾವಣೆ ಕಾಣುವುದಿಲ್ಲ. ಮನುಷ್ಯರ ಮಕ್ಕಳ ಸ್ವಭಾವವನ್ನು ಇಲಿಯ ಲೆಕ್ಕದಿಂದ ಅಳೆಯುವುದು ಸರಿಯಲ್ಲ; ನಮ್ಮಲ್ಲಿ ಮನೆ, ಮಾತು, ಪ್ರೀತಿ, ಶಿಸ್ತು ಎಲ್ಲವೂ ಸೇರಿ ಮಗನನ್ನು ರೂಪಿಸುತ್ತವೆ. ಆದರೂ ಆ ಮೊದಲ ದಿನಗಳು ಎಷ್ಟು ಬೆಲೆಯುಳ್ಳವು ಎಂಬುದನ್ನು ಇಲಿ ಮರಿಗಳು ತೋರಿಸಿಕೊಟ್ಟಿವೆ.

ಮನುಷ್ಯರ ಮಗುವಿನಲ್ಲಿ ಮೊದಲ ದಿನದ ಏರಿಳಿತದ ನಂತರ ಒಂದು ವಾರ ಬಿಡುವು. ಆಮೇಲೆ ಎರಡನೆಯ ಏರಿಕೆ. ಒಂದರಿಂದ ಮೂರು ತಿಂಗಳ ನಡುವೆ ಅದು ತುದಿ ಮುಟ್ಟುತ್ತದೆ. ಆಗ ಎದೆಹಾಲು ಕುಡಿಯುವ ಆ ಕೂಸಿನ ರಕ್ತದಲ್ಲಿ ಹರೆಯಕ್ಕೆ ಕಾಲಿಟ್ಟ ಹುಡುಗನಲ್ಲಿ ಇರುವಷ್ಟು ಟೆಸ್ಟೋಸ್ಟಿರೋನ್ ಇರುತ್ತದೆ. ಆರು ತಿಂಗಳ ಹೊತ್ತಿಗೆ ಅದು ಇಳಿದು, ಮುಂದೆ ಹತ್ತು ಹನ್ನೆರಡು ವರ್ಷ ಮೌನ. ಫ್ರಾನ್ಸಿನ ಮಗೆಲೋನ್ ಫೊರೆಸ್ಟ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1973ರಲ್ಲಿ ಇದನ್ನು ಸಾಕ್ಷಿ ಸಮೇತ ತಿಳಿಸಿದರು. ವೈದ್ಯರು ಇದನ್ನು ಈಗ ‘ಮಿನಿ ಪ್ಯೂಬರ್ಟಿ’ ಎನ್ನುತ್ತಾರೆ. ನಾವು ಕಿರು ಹರೆಯ ಎನ್ನಬಹುದು.

ಹೆಣ್ಣು ಮಗುವಿಗೂ ತನ್ನದೇ ಕಿರು ಹರೆಯವಿದೆ. ಅವಳಲ್ಲಿ ಅಂಡಾಶಯದ ಹಾರ್ಮೋನುಗಳು ಏರಿಳಿಯುತ್ತವೆ, ಅದು ಗಂಡು ಮಗುವಿಗಿಂತ ಹೆಚ್ಚು ಕಾಲ ನಡೆಯುತ್ತದೆ.

ಈ ಅವಧಿಯಲ್ಲಿ ಗಂಡು ಮಗುವಿಗೆ ಆಗುವ ಲಾಭ ಏನು? ಜನನಾಂಗ ಬೆಳೆಯುತ್ತದೆ. ಇಳಿಯದೆ ಉಳಿದ ವೃಷಣ ಕೆಳಗಿಳಿಯಲು ಸಹಾಯವಾಗುತ್ತದೆ. ಮುಂದೆ ವೀರ್ಯಾಣುಗಳಾಗಬೇಕಾದ ಮೂಲ ಜೀವಕೋಶಗಳು ಈ ತಿಂಗಳುಗಳಲ್ಲೇ ಹದಗೊಳ್ಳತೊಡಗುತ್ತವೆ. ಇಪ್ಪತ್ತೈದು ವರ್ಷದ ನಂತರ ಅವನು ತಂದೆಯಾಗುವ ಶಕ್ತಿಗೆ ಬಿತ್ತನೆ ಆಗುವುದು ತೊಟ್ಟಿಲಲ್ಲಿ.

ಹೋರಿಗರುವಿನಲ್ಲೂ ಹುಟ್ಟಿದ ಎರಡು ತಿಂಗಳಿನಿಂದ ಐದು ತಿಂಗಳ ನಡುವೆ ಇಂಥದೇ ಏರಿಕೆ ಇದೆ. ಆ ದಿನಗಳಲ್ಲಿ ಹೊಟ್ಟೆ ತುಂಬ ಮೇವು ಸಿಕ್ಕ ಕರು ಬೇಗ ಪ್ರಾಯಕ್ಕೆ ಬಂದು ಒಳ್ಳೆಯ ಬೀಜದ ಹೋರಿಯಾಗುತ್ತದೆ, ಅರೆಹೊಟ್ಟೆಯಲ್ಲಿ ಬೆಳೆದದ್ದು ಹಿಂದೆ ಬೀಳುತ್ತದೆ ಎಂದು ಪಶುವೈದ್ಯರು ಕಂಡುಕೊಂಡಿದ್ದಾರೆ. ಮೊದಲ ತಿಂಗಳುಗಳಲ್ಲಿ ಕಳೆದುಕೊಂಡದ್ದನ್ನು ಆಮೇಲೆ ಹಿಂಡಿ ಬೂಸ ಹಾಕಿ ತುಂಬಿಕೊಡುವುದು ಕಷ್ಟ.

ಕೈ ಹಾಕಬಾರದ ವಿಷಯಗಳು

ಈಗ ಮನೆಯ ಮಾತಿಗೆ ಬರೋಣ. ಹುಟ್ಟಿದ ಮೂರು ನಾಲ್ಕು ದಿನಕ್ಕೆ ಕೆಲವು ಮಕ್ಕಳ ಎದೆ ಉಬ್ಬಿ ಗಟ್ಟಿಯಾಗುತ್ತದೆ. ಕೆಲವೊಮ್ಮೆ ಹಾಲಿನಂಥ ನೀರೂ ಜಿನುಗುತ್ತದೆ. ಗಂಡು ಮಗುವಿನಲ್ಲೂ ಹೀಗಾಗುವುದುಂಟು. ತಾಯಿಯಿಂದ ಬಂದ ಹಾರ್ಮೋನುಗಳೇ ಇದಕ್ಕೆ ಕಾರಣ. ಕೆಲವು ವಾರಗಳಲ್ಲಿ ತಾನಾಗಿ ಕರಗುತ್ತದೆ. ಆದರೆ ನಮ್ಮ ಅನೇಕ ಮನೆಗಳಲ್ಲಿ ಮಗುವಿಗೆ ಎರೆಯುವ ಅಜ್ಜಿ “ಎದೆಯಲ್ಲಿ ಹಾಲು ಕಟ್ಟಿದೆ, ಹಿಂಡದಿದ್ದರೆ ಗಂಡು ಮಗುವಿಗೆ ಹೆಣ್ಣಿನ ಎದೆ ಬರುತ್ತದೆ” ಎಂದು ದಿನವೂ ಎಣ್ಣೆ ಹಚ್ಚಿ ಹಿಂಡುತ್ತಾರೆ. ತಮಿಳುನಾಡಿನ ಹಳ್ಳಿಗಳಲ್ಲೂ ಈ ರೂಢಿ ಇದೆ. ಅಜ್ಜಿಯ ಮನಸ್ಸು ಒಳ್ಳೆಯದೇ. ಆದರೆ ಹಿಂಡಿದಾಗ ಎಳೆಯ ಚರ್ಮ ನೊಂದು, ರೋಗಾಣು ಒಳಹೊಕ್ಕು, ಕೀವು ಕಟ್ಟುತ್ತದೆ. ಕೂಸಿಗೆ ಜ್ವರ ಬಂದು ಆಸ್ಪತ್ರೆಯಲ್ಲಿ ಕೀವು ತೆಗೆಸಬೇಕಾಗುತ್ತದೆ. ಹೆಣ್ಣು ಮಗುವಾದರೆ ಮುಂದೆ ಆ ಎದೆಯ ಬೆಳವಣಿಗೆಗೇ ಕುಂದು ಬರಬಹುದು. ಆದ್ದರಿಂದ ಹಿಂಡಬೇಡಿ. ಕೆಂಪಾಗಿ, ಬಿಸಿಯಾಗಿ, ಒಂದೇ ಕಡೆ ಊದಿಕೊಂಡರೆ ವೈದ್ಯರಿಗೆ ತೋರಿಸಿ.

ಹೆಣ್ಣು ಕೂಸಿಗೆ ಮೊದಲ ವಾರದಲ್ಲಿ ಒಂದೆರಡು ದಿನ ಸ್ವಲ್ಪ ರಕ್ತ ಕಾಣಿಸಿಕೊಳ್ಳುವುದೂ ತಾಯಿಯ ಹಾರ್ಮೋನಿನ ಪ್ರಭಾವವೇ. ಹೆದರಬೇಕಾಗಿಲ್ಲ. ಒಂದು ತಿಂಗಳ ಹೊತ್ತಿಗೆ ಗಂಡು ಮಗುವಿನ ಮುಖದಲ್ಲಿ ಮೊಡವೆಯಂಥ ಗುಳ್ಳೆ ಬಂದರೆ ಹಿಟ್ಟು, ಅರಿಶಿನ, ಮುಲಾಮು ಯಾವುದನ್ನೂ ತಿಕ್ಕಬೇಡಿ. ಬರೀ ನೀರಿನಲ್ಲಿ ತೊಳೆದರೆ ಸಾಕು. ಗಂಡು ಮಗುವಿನ ಜನನಾಂಗದ ತುದಿಯ ಚರ್ಮವನ್ನು ಸ್ನಾನ ಮಾಡಿಸುವಾಗ ಬಲವಂತವಾಗಿ ಹಿಂದಕ್ಕೆ ಎಳೆಯುವುದೂ ತಪ್ಪು. ಅದು ವರ್ಷಗಳು ಕಳೆದಂತೆ ತಾನಾಗಿ ಬಿಡಿಸಿಕೊಳ್ಳುತ್ತದೆ.

ನೋಡದೆ ಬಿಡಬಾರದ ವಿಷಯ

ಇನ್ನು ಈ ಬರಹದ ಮುಖ್ಯ ಮಾತು. ಗಂಡು ಮಗುವಿನ ವೃಷಣಗಳು ಮೊದಲು ಹೊಟ್ಟೆಯೊಳಗೆ ಇರುತ್ತವೆ. ಬಸಿರಿನ ಏಳು ಎಂಟನೆಯ ತಿಂಗಳಲ್ಲಿ ತೊಡೆಸಂದಿಯ ದಾರಿಯಿಂದ ಚೀಲಕ್ಕೆ ಇಳಿಯುತ್ತವೆ. ಸೃಷ್ಟಿಯಲ್ಲಿ ಇದರಲ್ಲೂ ಎಷ್ಟು ಬಗೆ ನೋಡಿ: ಕರುವಿನಲ್ಲಿ ಅವು ಹುಟ್ಟುವುದಕ್ಕೆ ಎಷ್ಟೋ ತಿಂಗಳು ಮೊದಲೇ ಇಳಿದಿರುತ್ತವೆ, ನಾಯಿಮರಿಯಲ್ಲಿ ಹುಟ್ಟಿದ ಮೇಲೆ ಇಳಿಯುತ್ತವೆ, ಮೇಘಮಲೆಯ ಕಾಡಾನೆಗಳಲ್ಲಿ ಎಂದಿಗೂ ಇಳಿಯದೆ ಹೊಟ್ಟೆಯೊಳಗೇ ಉಳಿದು ಅಲ್ಲೇ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಮನುಷ್ಯನ ವೃಷಣಕ್ಕೆ ಹೊಟ್ಟೆಯ ಬಿಸಿ ಆಗದು. ಮೈಯ ಶಾಖಕ್ಕಿಂತ ಎರಡು ಮೂರು ಡಿಗ್ರಿ ತಂಪು ಬೇಕು.

ತಿಂಗಳು ತುಂಬಿ ಹುಟ್ಟಿದ ಗಂಡು ಮಕ್ಕಳಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಮಂದಿಗೆ ಒಂದಾದರೂ ವೃಷಣ ಇಳಿದಿರುವುದಿಲ್ಲ. ತಿಂಗಳು ತುಂಬದೆ ಹುಟ್ಟಿದವರಲ್ಲಿ ಇದು ನೂರಕ್ಕೆ ಮೂವತ್ತರವರೆಗೂ ಹೋಗುತ್ತದೆ. ಗಾಬರಿ ಬೇಡ, ಏಕೆಂದರೆ ಮೇಲೆ ಹೇಳಿದ ಕಿರು ಹರೆಯದ ಹಾರ್ಮೋನು ಸಹಾಯಕ್ಕೆ ಬಂದು ಬಹಳಷ್ಟು ಮಕ್ಕಳಲ್ಲಿ ಮೊದಲ ಕೆಲವು ತಿಂಗಳಲ್ಲೇ ಅವು ಇಳಿಯುತ್ತವೆ. ಕೊನೆಗೆ ಉಳಿಯುವವರು ಸುಮಾರು ನೂರಕ್ಕೆ ಒಬ್ಬರು.

ಆರು ತಿಂಗಳ ನಂತರ ಏನಾಗುತ್ತದೆ? ಹಾರ್ಮೋನು ಇಳಿದುಹೋಗುತ್ತದೆ. ಆವರೆಗೂ ಇಳಿಯದ ವೃಷಣ ಇನ್ನು ತಾನಾಗಿ ಇಳಿಯುವುದು ಅಪರೂಪ. ಆದರೆ ನಮ್ಮ ಮನೆಗಳಲ್ಲಿ ಹೇಳುವ ಮಾತು ಬೇರೆ: “ಅವರಪ್ಪನಿಗೂ ಹಾಗೆಯೇ ಇತ್ತು, ಶಾಲೆಗೆ ಹೋಗುವ ಹೊತ್ತಿಗೆ ಸರಿಯಾಗುತ್ತದೆ.” ಹೀಗೆ ಕಾದ ಮಕ್ಕಳನ್ನು ಆರನೆಯ, ಎಂಟನೆಯ, ಹನ್ನೆರಡನೆಯ ವಯಸ್ಸಿನಲ್ಲಿ ಕರೆತರುವುದನ್ನು ಮಕ್ಕಳ ಶಸ್ತ್ರವೈದ್ಯರು ಇಂದಿಗೂ ನೋಡುತ್ತಾರೆ. ಕೆಲವರಿಗೆ ಮದುವೆಯಾಗಿ ಮಕ್ಕಳಾಗದೆ ಇದ್ದಾಗಲಷ್ಟೇ ಇದು ತಿಳಿಯುತ್ತದೆ. ಅಲ್ಲಿಯವರೆಗೂ ದೂರು ಹೊತ್ತವಳು ಸೊಸೆ.

ತಡ ಮಾಡಿದರೆ ನಷ್ಟ ಎರಡು. ಮೊದಲನೆಯದು, ಬಿಸಿಯಲ್ಲಿ ಉಳಿದ ವೃಷಣದಲ್ಲಿ ವೀರ್ಯಾಣುವಿನ ಮೂಲ ಕೋಶಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತವೆ. ಎರಡನೆಯದು, ಮುಂದೆ ವೃಷಣದ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ಸ್ವೀಡನ್ ದೇಶದಲ್ಲಿ ಈ ಶಸ್ತ್ರಚಿಕಿತ್ಸೆ ಆದ ಸುಮಾರು 17,000 ಗಂಡಸರನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 13 ವರ್ಷಕ್ಕೆ ಮೊದಲು ಶಸ್ತ್ರಚಿಕಿತ್ಸೆ ಆದವರಿಗೆ ಕ್ಯಾನ್ಸರಿನ ಸಾಧ್ಯತೆ ಸಾಮಾನ್ಯ ಜನರಿಗಿಂತ ಸುಮಾರು ಎರಡು ಪಟ್ಟು, ಆ ವಯಸ್ಸು ದಾಟಿದ ಮೇಲೆ ಆದವರಿಗೆ ಸುಮಾರು ಐದು ಪಟ್ಟು ಎಂದು ಕಂಡುಬಂತು. ಈ ಕ್ಯಾನ್ಸರ್ ಬರುವುದೇ ಅಪರೂಪವಾದ್ದರಿಂದ ಇದನ್ನು ಓದಿ ನಿದ್ದೆಗೆಡಬೇಕಾಗಿಲ್ಲ, ಆದರೆ ತಡ ಮಾಡುವುದರ ಬೆಲೆ ಎಷ್ಟೆಂದು ಇದು ತಿಳಿಸುತ್ತದೆ.

ಈಗಿನ ವೈದ್ಯರ ಸಲಹೆ ಸರಳ. ಆರು ತಿಂಗಳಿಗೆ ವೃಷಣ ಇಳಿದಿಲ್ಲವೆಂದರೆ ಮಕ್ಕಳ ಶಸ್ತ್ರವೈದ್ಯರಿಗೆ ತೋರಿಸಿ, ಆರರಿಂದ ಹದಿನೆಂಟು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಮುಗಿಸಬೇಕು. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ, ಆರು ತಿಂಗಳನ್ನು ಹೆರಿಗೆ ಆಗಬೇಕಾಗಿದ್ದ ದಿನದಿಂದ ಎಣಿಸಬೇಕು. ಇದು ದೊಡ್ಡ ಶಸ್ತ್ರಚಿಕಿತ್ಸೆಯಲ್ಲ. ಹೆಚ್ಚಿನ ಮಕ್ಕಳು ಒಂದೆರಡು ದಿನದಲ್ಲೇ ಮನೆಗೆ ಬರುತ್ತಾರೆ.

ಮನೆಯಲ್ಲಿ ನೋಡುವುದು ಹೇಗೆ? ಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಿದ ಮೇಲೆ, ಮಗು ಅಳದೆ ಸಮಾಧಾನವಾಗಿರುವಾಗ ನೋಡಿ. ಚಳಿಯಲ್ಲಿ ಕೆಲವು ಮಕ್ಕಳ ವೃಷಣ ಮೇಲಕ್ಕೆ ಸರಿದು, ಬೆಚ್ಚಗಾದಾಗ ಕೆಳಗೆ ಬರುತ್ತದೆ. ಅದು ಕಾಯಿಲೆಯಲ್ಲ. ಚೀಲದ ಒಂದು ಪಕ್ಕ ಯಾವಾಗಲೂ ಖಾಲಿ, ಚಪ್ಪಟೆ ಎನಿಸಿದರೆ ಮಾತ್ರ ವೈದ್ಯರಿಗೆ ಹೇಳಿ. ತೊಡೆಸಂದಿಯಲ್ಲಿ ಗಟ್ಟಿ ಗಂಟು ಕಾಣಿಸಿಕೊಂಡು, ಮಗು ಒಂದೇ ಸಮನೆ ಅತ್ತು ವಾಂತಿ ಮಾಡಿದರೆ ಕಾಯಬೇಡಿ. ಅದು ಕರುಳು ಸಿಕ್ಕಿಕೊಂಡ ಹರ್ನಿಯಾ ಇರಬಹುದು, ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು.

ಇಲ್ಲಿ ಒಂದು ತೊಡಕಿದೆ. ಸರ್ಕಾರದ ಲಸಿಕೆ ಪಟ್ಟಿಯಲ್ಲಿ ಆರು, ಹತ್ತು, ಹದಿನಾಲ್ಕನೆಯ ವಾರಕ್ಕೆ ಚುಚ್ಚುಮದ್ದು ಇದೆ. ಆಮೇಲೆ ಚುಚ್ಚುಮದ್ದು ಒಂಬತ್ತನೆಯ ತಿಂಗಳಿಗೇ. ಆರನೆಯ ತಿಂಗಳಿಗೆ ಚುಚ್ಚುಮದ್ದು ಇಲ್ಲದ್ದರಿಂದ, ಆರೋಗ್ಯವಾಗಿರುವ ಮಗುವನ್ನು ಆಗ ಯಾರೂ ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ. ನೋಡಲೇಬೇಕಾದ ತಿಂಗಳೇ ತಪ್ಪಿಹೋಗುತ್ತದೆ! ಆದ್ದರಿಂದ ಮೊದಲ ಮೂರು ಚುಚ್ಚುಮದ್ದಿನ ದಿನಗಳಲ್ಲಿ “ಎರಡೂ ಇಳಿದಿವೆಯೇ ನೋಡಿ” ಎಂದು ನೀವೇ ಕೇಳಿ. ಅನ್ನ ಉಣಿಸಲು ಆರಂಭಿಸುವ ಆರನೆಯ ತಿಂಗಳಲ್ಲಿ ಮತ್ತೊಮ್ಮೆ ತೋರಿಸಿ. ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಆಕೆಯ ಬಳಿಯೂ ಹೇಳಬಹುದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಹುಟ್ಟಿದ ದಿನವೇ ಕೇಳಬೇಕಾದದ್ದು

ಹುಟ್ಟಿದಾಗ ಗಂಡು ಎಂದು ಕಾಣುವ ಮಗುವಿಗೆ ಎರಡೂ ವೃಷಣ ಕೈಗೆ ಸಿಗದಿದ್ದರೆ ಆರು ತಿಂಗಳು ಕಾಯುವಂತಿಲ್ಲ. ಅಂಥವರಲ್ಲಿ ಕೆಲವರು ನಿಜವಾಗಿ ಹೆಣ್ಣು ಮಕ್ಕಳಾಗಿರುತ್ತಾರೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಹುಟ್ಟಿನಿಂದಲೇ ದೋಷವಿದ್ದು, ಗಂಡು ಹಾರ್ಮೋನು ಅತಿಯಾಗಿ ಸುರಿದು, ಹೆಣ್ಣಿನ ಅಂಗಗಳು ಗಂಡಿನಂತೆ ಕಂಡಿರುತ್ತವೆ. ಈ ದೋಷದ ತೀವ್ರ ರೂಪದಲ್ಲಿ ದೇಹದ ಉಪ್ಪು ಮೂತ್ರದಲ್ಲಿ ಹರಿದುಹೋಗಿ, ಎರಡು ಮೂರು ವಾರದೊಳಗೆ ಮಗು ವಾಂತಿ ಮಾಡಿ, ತೂಕ ಕಳೆದುಕೊಂಡು, ಜೀವಕ್ಕೇ ಅಪಾಯವಾಗುತ್ತದೆ. ಮೊದಲೇ ಗೊತ್ತಾದರೆ ಔಷಧ ಕೊಟ್ಟು ಮಗುವನ್ನು ಉಳಿಸಬಹುದು, ಆ ಮಗಳು ಚೆನ್ನಾಗಿ ಬಾಳಬಹುದು. ಇದು ತಂದೆ ತಾಯಿ ಇಬ್ಬರಿಂದಲೂ ಬರುವ ದೋಷವಾದ್ದರಿಂದ ರಕ್ತಸಂಬಂಧದ ಮದುವೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಸೋದರಮಾವ, ಅತ್ತೆಮಗ ಎಂದು ಮದುವೆ ಮಾಡುವ ನಮ್ಮ ಕರ್ನಾಟಕ, ತಮಿಳುನಾಡುಗಳಲ್ಲಿ ಇದನ್ನು ನೆನಪಿಡಬೇಕು. ಧರ್ಮಸಭೆ ಹತ್ತಿರದ ರಕ್ತಸಂಬಂಧದ ಮದುವೆಗೆ ತಡೆಯಿಟ್ಟು, ವಿಶೇಷ ಅನುಮತಿ ಕೇಳುವುದು ನಮ್ಮ ಒಳ್ಳೆಯದಕ್ಕೇ.

ಇನ್ನು ಕೆಲವು ಗಂಡು ಮಕ್ಕಳಲ್ಲಿ ಮಿದುಳಿನಿಂದ ಅಪ್ಪಣೆಯೇ ಬರದೆ ಕಿರು ಹರೆಯ ನಡೆಯುವುದಿಲ್ಲ. ಜನನಾಂಗ ತೀರ ಚಿಕ್ಕದಾಗಿರುತ್ತದೆ, ವೃಷಣ ಇಳಿದಿರುವುದಿಲ್ಲ. ಮೊದಲ ಕೆಲವು ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿದರೆ ಇದು ಸುಲಭವಾಗಿ ತಿಳಿಯುತ್ತದೆ. ಆ ಬಾಗಿಲು ಮುಚ್ಚಿದರೆ ಮತ್ತೆ ಖಚಿತವಾಗಿ ತಿಳಿಯಲು ಹದಿನಾಲ್ಕು ವರ್ಷದವರೆಗೂ ಕಾಯಬೇಕಾಗಬಹುದು.

ಅದೇ ಕಣಿವೆಯ ತೊಟ್ಟಿಲುಗಳು

ತೇನಿಯ ಮಾತೆತ್ತಿ ಹೋರಿಯ ವಿಷಯ ಮಾತ್ರ ಹೇಳಿದರೆ ಅರ್ಧ ಹೇಳಿದಂತೆ. ಮಧುರೆಯಿಂದ ತೇನಿಗೆ ಹೋಗುವ ದಾರಿಯಲ್ಲಿ ಉಸಿಲಂಪಟ್ಟಿ ಸಿಗುತ್ತದೆ. ಅಲ್ಲಿ ಹೆಣ್ಣು ಕೂಸುಗಳನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ಕೊಲ್ಲುವ ಸುದ್ದಿ 1986ರಲ್ಲಿ ಪತ್ರಿಕೆಗಳಲ್ಲಿ ಬಂದು ದೇಶವೇ ತಲೆತಗ್ಗಿಸಿತು. ಅಂಥ ಕೂಸುಗಳನ್ನು ಉಳಿಸಲು ತಮಿಳುನಾಡು ಸರ್ಕಾರ 1992ರಲ್ಲಿ ಸೇಲಂನಲ್ಲಿ ‘ತೊಟ್ಟಿಲ ಮಗು’ ಯೋಜನೆ ತಂದಿತು. ಬೇಡವೆನಿಸಿದ ಮಗುವನ್ನು ಕೊಲ್ಲುವ ಬದಲು ಸರ್ಕಾರದ ತೊಟ್ಟಿಲಲ್ಲಿ ಬಿಟ್ಟುಹೋಗಿ ಎಂಬ ಏರ್ಪಾಡು. 2001ರಲ್ಲಿ ಅದನ್ನು ಮಧುರೆ, ತೇನಿ, ದಿಂಡಿಗಲ್, ಧರ್ಮಪುರಿ, ನಾಮಕ್ಕಲ್ ಜಿಲ್ಲೆಗಳಿಗೂ ವಿಸ್ತರಿಸಿದರು. ಒಂದು ಜಿಲ್ಲೆಗೆ ಇಂಥ ತೊಟ್ಟಿಲು ಬೇಕಾಯಿತೆಂಬುದೇ ನೋವಿನ ಮಾತು. ಇದು ತಮಿಳರ ಪಾಪ ಮಾತ್ರ ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಸ್ಕ್ಯಾನಿಂಗ್ ಮಾಡಿಸಿ ಹೆಣ್ಣು ಭ್ರೂಣ ತೆಗೆಸುವುದನ್ನು ತಡೆಯಲು 1994ರಲ್ಲಿ ಕಾನೂನು ಮಾಡಬೇಕಾದದ್ದು ಇಡೀ ದೇಶಕ್ಕೆ.

ಇದನ್ನು ಈ ಬರಹದಲ್ಲಿ ಹೇಳಲು ಕಾರಣವಿದೆ. ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ತಂದೆಯಿಂದ ಬಂದ ವರ್ಣತಂತು. ಹೆಣ್ಣು ಹೆತ್ತಳೆಂದು ತಾಯಿಯನ್ನು ದೂರುವುದು ಅನ್ಯಾಯ. ಇನ್ನೊಂದು, ಗಂಡು ಬೇಕು ಎಂದು ಹಂಬಲಿಸಿ ಪಡೆದ ಮನೆಯಲ್ಲೇ ಆ ಗಂಡು ಮಗುವಿನ ಮೈಯನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಸಿಹಿ ಹಂಚುತ್ತೇವೆ, ನಡುವಿಗೆ ಬೆಳ್ಳಿ ಉಡಿದಾರ ಕಟ್ಟುತ್ತೇವೆ, ದೃಷ್ಟಿ ತೆಗೆಯುತ್ತೇವೆ. ಆ ಉಡಿದಾರದ ಕೆಳಗೆ ಇರಬೇಕಾದದ್ದು ಇದೆಯೇ ಎಂದು ಕೇಳಲು ನಾಚುತ್ತೇವೆ. ಗಂಡಿನ ಮೇಲಿನ ಮೋಹವೂ ಹೆಣ್ಣಿನ ಮೇಲಿನ ತಾತ್ಸಾರವೂ ಒಂದೇ ಬೇರಿನವು. ಎರಡರಲ್ಲೂ ಮಗುವನ್ನು ಮಗುವಾಗಿ ನೋಡುವ ಕಣ್ಣಿಲ್ಲ.

ನಮ್ಮ ವಿಶ್ವಾಸ ಕಲಿಸುವ ನೋಟ ಬೇರೆ. ಮಾತೆ ಮರಿಯಮ್ಮನವರು ಮತ್ತು ಸಂತ ಜೋಸೆಫರು ನಲವತ್ತನೆಯ ದಿನ ಬಾಲಯೇಸುವನ್ನು ಜೆರುಸಲೇಮಿನ ದೇವಾಲಯಕ್ಕೆ ಕರೆತಂದರು. ಮುದುಕ ಸಿಮೆಯೋನ ಆ ಕೂಸನ್ನು ತೋಳಲ್ಲಿ ಎತ್ತಿಕೊಂಡ. ಫೆಬ್ರವರಿ 2ರಂದು ನಾವು ಮೇಣದಬತ್ತಿ ಹಿಡಿದು ಆಚರಿಸುವ ಹಬ್ಬ ಅದು. ಅವರು ನಿಜವಾದ ದೇವರು, ನಿಜವಾದ ಮನುಷ್ಯ ಎಂದು ನಂಬುತ್ತೇವೆ. ನಿಜವಾದ ಮನುಷ್ಯ ಎಂದ ಮೇಲೆ, ಬೇರೆಲ್ಲ ಕೂಸುಗಳಂತೆ ಅವರ ಎಳೆಯ ಮೈಯೂ ತಿಂಗಳು ತಿಂಗಳು ಬೆಳೆಯಿತು, ಆ ಮೈಯನ್ನು ತಾಯಿಯೊಬ್ಬಳು ತೊಳೆದು, ಒರೆಸಿ, ಕಣ್ಣಿಟ್ಟು ಕಾದಳು. ಮಗುವಿನ ದೇಹವನ್ನು ನೋಡಿಕೊಳ್ಳುವುದು ಪ್ರಾರ್ಥನೆಗಿಂತ ಕಡಿಮೆಯ ಕೆಲಸವೇನಲ್ಲ.

ನಿಮ್ಮ ಮನೆಯಲ್ಲಿ ಈ ವರ್ಷ ಗಂಡು ಮಗು ಹುಟ್ಟಿದ್ದರೆ, ಗೋಡೆಯ ಮೇಲಿರುವ ಧರ್ಮಕೇಂದ್ರದ ಕ್ಯಾಲೆಂಡರಿನಲ್ಲಿ ಅವನಿಗೆ ಆರು ತಿಂಗಳು ತುಂಬುವ ದಿನಕ್ಕೆ ಒಂದು ಗುರುತು ಹಾಕಿ. ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಂಡ ಜ್ಞಾನ ತಂದೆ-ತಾಯಿಯೂ ಆ ದಿನವನ್ನು ನೆನಪಿಸಿಕೊಡಲಿ. ಅಷ್ಟರಲ್ಲಿ ಎಲ್ಲವೂ ಸರಿಯಾಗಿದ್ದರೆ ದೇವರಿಗೆ ಸ್ತೋತ್ರ ಹೇಳಿ ಮಗುವಿಗೆ ಅನ್ನ ಉಣಿಸಿ. ಸರಿಯಾಗಿಲ್ಲವೆಂದರೆ ಅದೇ ವಾರ ವೈದ್ಯರ ಬಳಿ ಹೋಗಿ.